ಅಕ್ಸಿಯೊನೋವ್ ಯಾಕೆ ಊರಿಗೆ ಹೋಗಲಿಲ್ಲ?

ಟಾಲ್‌ಸ್ಟಾಯ್ ಅಂದ ಕೂಡಲೇ ನಮ್ಮವರು 'ಯುದ್ಧ ಮತ್ತು ಶಾಂತಿ', 'ಅನ್ನಾ ಕರೆನಿನಾ' ಅಂತ ಹೆಸರು ಹೇಳುತ್ತಾರೆ. ಆ ಇಟ್ಟಿಗೆಯಂಥ ಪುಸ್ತಕಗಳನ್ನು ಕೊನೆತನಕ ಓದಿದವರು ಎಷ್ಟು ಮಂದಿಯೋ ದೇವರೇ ಬಲ್ಲ. ಆದರೆ ಎಂಟು-ಹತ್ತು ಪುಟದ ಒಂದು ಕತೆಯನ್ನು ಮಾತ್ರ ನಮ್ಮ ವಯಸ್ಸಿನವರು ಬಹಳಷ್ಟು ಮಂದಿ ಬಲ್ಲರು. ಕೆಲವರು ಇಂಗ್ಲಿಷ್ ಪಠ್ಯದಲ್ಲಿ ಓದಿದವರು, ಕೆಲವರು ಕನ್ನಡದಲ್ಲಿ ಓದಿದವರು, ಇನ್ನು ನನ್ನಂಥವರು ಚರ್ಚಿನ ಪ್ರಸಂಗದಲ್ಲಿ ಕೇಳಿದವರು. ಇಂಗ್ಲಿಷಿನಲ್ಲಿ ಅದರ ಹೆಸರಿನ ಅರ್ಥ, ದೇವರು ಸತ್ಯವನ್ನು ಕಾಣುತ್ತಾನೆ, ಆದರೆ ಕಾಯುತ್ತಾನೆ ಅಂತ. ಮೂಲದಲ್ಲಿ ಅದೊಂದು ರಷ್ಯನ್ ಗಾದೆ. ದೇವರಿಗೆ ಸತ್ಯ ಕಾಣುತ್ತದೆ, ಆದರೆ ಬೇಗ ಹೇಳುವುದಿಲ್ಲ ಅನ್ನುವ ಧಾಟಿ ಅದರದು. ಇಂಗ್ಲಿಷಿನವರು ದೇವರನ್ನು ತಾಳ್ಮೆಯವನನ್ನಾಗಿ ಮಾಡಿದರು. ರಷ್ಯನ್ ರೈತ ಮಾತ್ರ ಸ್ವಲ್ಪ ಗೊಣಗಿದ್ದಾನೆ. ನನಗೆ ರೈತನ ಗೊಣಗಾಟವೇ ಹೆಚ್ಚು ನಿಜ ಅನ್ನಿಸುತ್ತದೆ.

ಹೊರನಾಡಿನ ಬದುಕಿನ ಬಗೆಗಿನ ಪುಸ್ತಕದಲ್ಲಿ ಸೈಬೀರಿಯಾದ ಕತೆ ಯಾಕಪ್ಪಾ ಅಂತ ಕೇಳಬೇಡಿ. ಇದು ಊರು ಬಿಟ್ಟವನ ಕತೆಯೇ. ಅವನು ತಾನಾಗಿ ಬಿಟ್ಟವನಲ್ಲ, ಬಿಡಿಸಲ್ಪಟ್ಟವನು. ಇಪ್ಪತ್ತಾರು ವರ್ಷ ಹೊರಗಿದ್ದು, ಹೋಗಬಹುದು ಅನ್ನುವ ಗಳಿಗೆ ಬಂದಾಗ ಹೋಗುವ ಆಸೆಯೇ ಇಲ್ಲದವನು. ಮುಂಬಯಿ, ಪುಣೆಯಲ್ಲಿ ಮೂವತ್ತು ವರ್ಷ ಕಳೆದು, ನಿವೃತ್ತಿಯಾದ ಮೇಲೆ ಊರಿಗೆ ಹೋಗೋಣವೇ ಬೇಡವೇ ಅಂತ ದಿನಾ ಸಂಜೆ ತೂಗಿ ನೋಡುವ ನಮ್ಮಂಥವರಿಗೆ ಆ ಜಾಗ ಚುಚ್ಚದೆ ಇರುವುದಿಲ್ಲ.

ಮರೆತವರಿಗಾಗಿ ಕತೆಯನ್ನು ಹೇಳಿಬಿಡುತ್ತೇನೆ. ವ್ಲಾದಿಮಿರ್ ಊರಿನ ಯುವಕ ವ್ಯಾಪಾರಿ ಅಕ್ಸಿಯೊನೋವ್. ಎರಡು ಅಂಗಡಿ, ಒಂದು ಮನೆ. ಗುಂಗುರು ಕೂದಲು, ಹಾಡುವ ಹುಚ್ಚು. ನಿಜ್ನಿ ಊರಿನ ಜಾತ್ರೆಗೆ ಸರಕು ಮಾರಲು ಹೊರಟಾಗ ಹೆಂಡತಿ ಬೇಡ ಅನ್ನುತ್ತಾಳೆ; ಅವನು ಟೋಪಿ ತೆಗೆದಾಗ ತಲೆಯೆಲ್ಲ ನೆರೆತದ್ದನ್ನು ಕನಸಿನಲ್ಲಿ ಕಂಡಿರುತ್ತಾಳೆ. ಇವನು ನಕ್ಕು ಹೊರಡುತ್ತಾನೆ. ದಾರಿಯಲ್ಲಿ ಪರಿಚಯದ ವ್ಯಾಪಾರಿಯೊಬ್ಬ ಸಿಗುತ್ತಾನೆ. ಒಂದೇ ಛತ್ರದಲ್ಲಿ ಚಹಾ ಕುಡಿದು ಪಕ್ಕಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ಇವನು ನಸುಕಿನಲ್ಲೇ ಎದ್ದು ಮುಂದೆ ಹೋಗುತ್ತಾನೆ. ಆ ವ್ಯಾಪಾರಿಯ ಕುತ್ತಿಗೆ ಕೊಯ್ದಿರುತ್ತದೆ, ರಕ್ತದ ಚಾಕು ಇವನ ಚೀಲದಲ್ಲಿ ಸಿಗುತ್ತದೆ. ಕೊಲೆ ಮತ್ತು 20,000 ರೂಬಲ್ ಕಳವಿನ ಆರೋಪ. ಛಡಿಯೇಟು, ಸೈಬೀರಿಯಾದ ಗಣಿ. ಅಲ್ಲಿ ಬೂಟು ಹೊಲಿಯಲು ಕಲಿತು, ಆ ದುಡ್ಡಿನಲ್ಲಿ ಸಂತರ ಚರಿತ್ರೆಯ ಪುಸ್ತಕ ಕೊಂಡು ಓದುತ್ತಾನೆ, ಜೈಲಿನ ಚರ್ಚಿನಲ್ಲಿ ಹಾಡುತ್ತಾನೆ. ಕೈದಿಗಳು ಅವನನ್ನು ಅಜ್ಜ ಅನ್ನುತ್ತಾರೆ, ದೇವರ ಮನುಷ್ಯ ಅನ್ನುತ್ತಾರೆ. ಇಪ್ಪತ್ತಾರು ವರ್ಷದ ಮೇಲೆ ಅವನ ಊರಿನಿಂದಲೇ ಮಕಾರ್ ಅನ್ನುವ ಹೊಸ ಕೈದಿ ಬರುತ್ತಾನೆ. ಅವನ ಮಾತಿನ ಧಾಟಿಯಿಂದಲೇ ಅಕ್ಸಿಯೊನೋವನಿಗೆ ತಿಳಿಯುತ್ತದೆ, ಕೊಲೆ ಮಾಡಿದವನು ಇವನೇ. ಹದಿನೈದು ದಿನ ನಿದ್ದೆ ಇಲ್ಲ. ಒಂದು ರಾತ್ರಿ ಮಕಾರ್ ತಪ್ಪಿಸಿಕೊಳ್ಳಲು ಸುರಂಗ ತೋಡುವುದನ್ನು ನೋಡುತ್ತಾನೆ. ಮರುದಿನ ಅಧಿಕಾರಿ ಕೇಳಿದಾಗ ಹೆಸರು ಹೇಳುವುದಿಲ್ಲ. ಆ ರಾತ್ರಿ ಮಕಾರ್ ಬಂದು ಮೊಣಕಾಲೂರಿ ಎಲ್ಲವನ್ನೂ ಒಪ್ಪಿಕೊಂಡು ಕ್ಷಮೆ ಕೇಳುತ್ತಾನೆ. ಇಬ್ಬರೂ ಅಳುತ್ತಾರೆ. ಮಕಾರ್ ಸರ್ಕಾರದ ಮುಂದೆ ತಪ್ಪೊಪ್ಪಿಕೊಂಡು, ಬಿಡುಗಡೆಯ ಆದೇಶ ಬರುವ ಹೊತ್ತಿಗೆ ಅಕ್ಸಿಯೊನೋವ್ ಸತ್ತಿರುತ್ತಾನೆ.

ಇಷ್ಟೇ ಕತೆ. 1872ರಲ್ಲಿ ಪ್ರಕಟವಾದದ್ದು, ಅದೇ ವರ್ಷ ಮಕ್ಕಳಿಗಾಗಿ ಟಾಲ್‌ಸ್ಟಾಯ್ ಮಾಡಿದ ಓದಿನ ಪುಸ್ತಕಗಳಲ್ಲೂ ಸೇರಿತು. ಮುಂದೆ 1898ರಲ್ಲಿ 'ಕಲೆ ಎಂದರೇನು' ಅನ್ನುವ ಗ್ರಂಥದಲ್ಲಿ ಆ ಮುದುಕ ತನ್ನ ಸಾಹಿತ್ಯವನ್ನೆಲ್ಲ ಕೆಟ್ಟ ಕಲೆಯ ಗುಂಪಿಗೆ ತಳ್ಳಿ, ಎರಡೇ ಎರಡು ಕತೆಗಳನ್ನು ಉಳಿಸಿಕೊಂಡ. ಒಂದು 'ಕಕೇಷಿಯಾದ ಕೈದಿ', ಇನ್ನೊಂದು ಇದು. ಅನ್ನಾ ಕರೆನಿನಾಳನ್ನು ಎಸೆದು ಇದನ್ನು ಇಟ್ಟುಕೊಂಡದ್ದು ಸರಿಯೇ ಅಂದರೆ, ನಾನು ಒಪ್ಪುವುದಿಲ್ಲ. ಆದರೆ ಯಾಕೆ ಇಟ್ಟುಕೊಂಡ ಅನ್ನುವುದು ಮಾತ್ರ ಅರ್ಥವಾಗುತ್ತದೆ.

ಈ ಕತೆಯನ್ನು ಅವನು ಮೊದಲೇ ಒಮ್ಮೆ ಹೇಳಿದ್ದ. 'ಯುದ್ಧ ಮತ್ತು ಶಾಂತಿ'ಯ ಕೊನೆಯ ಭಾಗದಲ್ಲಿ ಫ್ರೆಂಚರ ಸೆರೆಯಾಳಾದ ಪ್ಲಾಟೋನ್ ಕರತಾಯೇವ್ ಅನ್ನುವ ಸಿಪಾಯಿ ಇದನ್ನೇ ಹೇಳುತ್ತಾನೆ. ಪಿಯೇರ್ ಅದನ್ನು ಹಲವು ಸಲ ಕೇಳಿದ್ದಾನೆ, ಆದರೂ ಮತ್ತೆ ಕೇಳುತ್ತಾನೆ. ಅಲ್ಲಿ ಒಂದು ವ್ಯತ್ಯಾಸ ಇದೆ. ಬಿಡುಗಡೆಯ ಆದೇಶದ ಜೊತೆಗೆ ಪರಿಹಾರವನ್ನೂ ಕೊಡಲು ಚಕ್ರವರ್ತಿ ಅಪ್ಪಣೆ ಮಾಡುತ್ತಾನೆ. ಮುದುಕನನ್ನು ಹುಡುಕಿದರೆ ದೇವರು ಆಗಲೇ ಅವನಿಗೆ ಬಿಡುಗಡೆ ಕೊಟ್ಟಾಗಿರುತ್ತದೆ. ಕರತಾಯೇವನ ಮುಖದಲ್ಲಿ ಆನಂದ. 1872ರ ಕತೆಯಲ್ಲಿ ಪರಿಹಾರದ ಮಾತೂ ಇಲ್ಲ, ಆನಂದವೂ ಇಲ್ಲ. ಒಂದೇ ಒಣ ವಾಕ್ಯದಲ್ಲಿ ಸಾವು. ಕರತಾಯೇವ್ ಹೇಳಿದ್ದು ಭಕ್ತಿಯ ಕತೆ. ಎರಡನೆಯದರಲ್ಲಿ ಟಾಲ್‌ಸ್ಟಾಯ್ ಸಕ್ಕರೆ ತೆಗೆದಿದ್ದಾನೆ. ಇದನ್ನು ಗಮನಿಸದೆ ನಮ್ಮ ಪ್ರಸಂಗಗಳಲ್ಲಿ ಸಕ್ಕರೆಯನ್ನು ಮತ್ತೆ ಬೆರೆಸುತ್ತಾರೆ, ಅದೇ ನನ್ನ ತಕರಾರು.

ನಾನು ಬೆಟಗೇರಿ ಕಡೆಯ ಹಳೆಯ ಬಾಸೆಲ್ ಮಿಷನ್ ಮನೆತನದವನು. 'ಕ್ಷಮಿಸಬೇಕು' ಅನ್ನುವುದನ್ನು ಅ ಆ ಇ ಈ ಜೊತೆಗೇ ಕಲಿತವರು ನಾವು. ಆದ್ದರಿಂದ ಈ ಮಾತನ್ನು ಯಾರು ಯಾರಿಗೆ ಯಾವಾಗ ಹೇಳುತ್ತಾರೆ ಅನ್ನುವುದನ್ನೂ ಬಹಳ ನೋಡಿದ್ದೇನೆ. ಹೆಚ್ಚಾಗಿ ಹೊಡೆದವನಿಗೆ ಯಾರೂ ಏನೂ ಹೇಳುವುದಿಲ್ಲ. ಹೊಡೆಸಿಕೊಂಡವನನ್ನು ಪಕ್ಕಕ್ಕೆ ಕರೆದು ಕ್ಷಮೆಯ ಉಪದೇಶ ಮಾಡುತ್ತಾರೆ.

ನನಗೂ ಆದದ್ದು ಅದೇ. ಮುಂಬಯಿಯ ಒಂದು ಶಾಖೆಗೆ ನಾನು ವರ್ಗವಾಗಿ ಬರುವ ಮೊದಲೇ ಮಂಜೂರಾಗಿದ್ದ ಒಂದು ಸಾಲ, ನಾನು ಬಂದ ಮೂರು ತಿಂಗಳಿಗೆ ಕೆಟ್ಟಿತು. ಮಂಜೂರು ಮಾಡಿದವರು ಅಷ್ಟರಲ್ಲಿ ಬಡ್ತಿ ಪಡೆದು ಮೇಲಿನ ಕಚೇರಿ ಸೇರಿದ್ದರು. ತನಿಖೆಗೆ ಬಂದವರ ಕೈಗೆ ಸಿಕ್ಕಿದವನು ನಾನು. ಚಾರ್ಜ್‌ಶೀಟು, ಇಲಾಖಾ ವಿಚಾರಣೆ, ಎರಡು ಇನ್‌ಕ್ರಿಮೆಂಟ್ ಕಟ್. ಊರಿನಲ್ಲಾಗಿದ್ದರೆ ನಮ್ಮವರು ತಮ್ಮವರು ಅಂತ ನಾಲ್ಕು ಜನ ಬಂದು ಧೈರ್ಯ ಹೇಳುತ್ತಿದ್ದರು. ಪರಊರಿನಲ್ಲಿ ನಮ್ಮ ಹೆಸರು ಕೆಟ್ಟರೆ ಅದನ್ನು ತೊಳೆಯಲು ಸಾಕ್ಷಿ ಹೇಳುವವರೇ ಇರುವುದಿಲ್ಲ, ನಮ್ಮ ಅಪ್ಪ ಯಾರು ಅಜ್ಜ ಯಾರು ಅಂತ ಬಲ್ಲವರಿಲ್ಲ. ಅಕ್ಸಿಯೊನೋವನಿಗೂ ವ್ಲಾದಿಮಿರಿನವರು ಒಳ್ಳೆಯ ಮನುಷ್ಯ ಅಂತಲೇ ಹೇಳಿದರು. ಅದರಿಂದ ಉಪಯೋಗವಾಗಲಿಲ್ಲ ಬಿಡಿ. ಆಗ ಸಭೆಯ ಹಿರಿಯರೊಬ್ಬರು ಮನೆಗೆ ಬಂದು ಇದೇ ಕತೆ ಹೇಳಿ, ಮೇಲ್ಮನವಿಯನ್ನು ವಾಪಸ್ ತೊಗೊಳ್ರಿ, ದೇವರಿಗೆ ಬಿಟ್ಟುಬಿಡ್ರಿ, ಅಕ್ಸಿಯೊನೋವನನ್ನ ನೋಡ್ರಿ ಅಂದರು. ಅವರು ಒಳ್ಳೆಯ ಮನಸ್ಸಿನವರೇ. ನಾನು ವಾಪಸ್ ತೆಗೆದುಕೊಳ್ಳಲಿಲ್ಲ. ನಾಲ್ಕು ವರ್ಷದ ಮೇಲೆ ಆದೇಶ ನನ್ನ ಪರವಾಗಿ ಬಂತು.

ಮೇಲ್ಮನವಿ ಮಾಡುವುದು ಕ್ಷಮೆಗೆ ವಿರುದ್ಧ ಅಂತ ಸತ್ಯವೇದದಲ್ಲಿ ಎಲ್ಲಿದೆ? ಅಪೊಸ್ತಲರ ಕೃತ್ಯಗಳನ್ನು ತೆಗೆದು ನೋಡಿ. ಪೌಲನು ತನ್ನ ಮೊಕದ್ದಮೆಯನ್ನು ಕೈಸರನ ತನಕ ಒಯ್ದ. ಅದಕ್ಕೂ ಮೊದಲು ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಛಡಿಯಿಂದ ಹೊಡೆದು, ಮರುದಿನ ಸದ್ದಿಲ್ಲದೆ ಹೊರಗೆ ಕಳಿಸಲು ನೋಡಿದಾಗ ಅವನು ಹೋಗಲು ಒಪ್ಪಲಿಲ್ಲ. ಅಧಿಕಾರಿಗಳೇ ಖುದ್ದಾಗಿ ಬಂದು ಹೊರಗೆ ಕರೆದುಕೊಂಡು ಹೋಗಲಿ ಅಂದ, ಅವರು ಬಂದರು ಕೂಡ. ಇನ್ನೊಂದು ಕೆನ್ನೆಯನ್ನು ಕೊಡು ಅಂದ ಯೇಸುವೇ, ಮಹಾಯಾಜಕನ ಮುಂದೆ ಕಾವಲಿನವನೊಬ್ಬ ಕೆನ್ನೆಗೆ ಹೊಡೆದಾಗ ಸುಮ್ಮನಿರಲಿಲ್ಲ. ನಾನು ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಅನ್ನುವ ಅರ್ಥದಲ್ಲಿ ಕೇಳಿದ. ತಿರುಗಿ ಹೊಡೆಯಲಿಲ್ಲ ನಿಜ. ಆದರೆ ಹೊಡೆದದ್ದನ್ನು ಹೊಡೆತ ಅಂತ ಕರೆದ.

ಅಕ್ಸಿಯೊನೋವನೂ ಮೊದಲು ಸುಮ್ಮನೆ ಕೂತವನಲ್ಲ. ಚಕ್ರವರ್ತಿಗೆ ಅರ್ಜಿ ಹೋಗಿತ್ತು, ಸ್ವೀಕಾರವಾಗಲಿಲ್ಲ. ಅವನು ಅರ್ಜಿಯ ಆಸೆಯನ್ನೇ ಬಿಟ್ಟದ್ದು ಯಾವಾಗ? ಜೈಲಿಗೆ ನೋಡಲು ಬಂದ ಹೆಂಡತಿ, ಮೊಲೆಹಾಲು ಕುಡಿಯುವ ಕೂಸನ್ನೂ ಕರೆದುಕೊಂಡು ಬಂದವಳು, ನಿಜ ಹೇಳಿ, ನೀವು ಮಾಡಿಲ್ಲವೇ ಅಂತ ಕೇಳಿದ ಮೇಲೆ. ಆ ಕ್ಷಣದಿಂದ ಅವನು ದೇವರನ್ನು ಬಿಟ್ಟು ಯಾರನ್ನೂ ಕೇಳುವುದಿಲ್ಲ. ಇದು ಭಕ್ತಿಯೋ, ಎದೆ ಒಡೆದದ್ದೋ? ಟಾಲ್‌ಸ್ಟಾಯ್ ಹೇಳುವುದಿಲ್ಲ. ಪ್ರಸಂಗ ಮಾಡುವವರು ಮಾತ್ರ ಭಕ್ತಿ ಅಂತಲೇ ಹೇಳುತ್ತಾರೆ.

ಸುರಂಗದ ಸಂದರ್ಭಕ್ಕೆ ಬರೋಣ. ಅಧಿಕಾರಿ ಕೇಳಿದಾಗ ಅಕ್ಸಿಯೊನೋವ್ ಸುಮ್ಮನಿದ್ದದ್ದೇ ಕ್ಷಮೆ ಅಂತ ಬಹಳ ಜನ ಓದುತ್ತಾರೆ. ಕತೆಯಲ್ಲಿ ಹಾಗಿಲ್ಲ. ಅವನ ತಲೆಯಲ್ಲಿ ಓಡುವುದೆಲ್ಲ ಲೆಕ್ಕಾಚಾರ: ನನ್ನ ಬಾಳು ಹಾಳು ಮಾಡಿದವನನ್ನು ಯಾಕೆ ಉಳಿಸಲಿ, ಅನುಭವಿಸಲಿ, ಆದರೆ ಹೇಳಿದರೆ ಇವನನ್ನು ಹೊಡೆದು ಸಾಯಿಸುತ್ತಾರೆ, ಒಂದು ವೇಳೆ ನನ್ನ ಅನುಮಾನವೇ ತಪ್ಪಾಗಿದ್ದರೆ? ಹೇಳಿದರೆ ನನಗಾದರೂ ಏನು ಸಿಗುತ್ತದೆ? ಇದು ಸೇಡು ಬೇಡ ಅನ್ನುವ ತೀರ್ಮಾನ, ಅಷ್ಟೇ. ಬ್ಯಾಂಕಿನ ಭಾಷೆಯಲ್ಲಿ ಹೇಳಬೇಕೆಂದರೆ ಇದು ರೈಟ್ ಆಫ್. ಸಾಲ ಲೆಕ್ಕದ ಪುಸ್ತಕದಿಂದ ಹೊರಗೆ ಹೋಗುತ್ತದೆ, ಆದರೆ ಸಾಲಗಾರನ ಋಣ ತೀರುವುದಿಲ್ಲ. ಕಡತ ಬೇರೆ ಕಪಾಟಿಗೆ ಹೋಗುತ್ತದೆ, ವಸೂಲಿಯ ಹಕ್ಕು ಹಾಗೇ ಇರುತ್ತದೆ. ಪತ್ರಿಕೆಗಳು ಪ್ರತಿ ವರ್ಷ ರೈಟ್ ಆಫನ್ನು ಮನ್ನಾ ಅಂತ ಬರೆದು ಜನರನ್ನು ದಾರಿ ತಪ್ಪಿಸುತ್ತವೆ, ಅದು ಬೇರೆ ಮಾತು.

ಮನ್ನಾ ಅಂದರೆ ಋಣವೇ ಇಲ್ಲವಾಗುವುದು. ಅದರಲ್ಲೂ ಎರಡು ಬಗೆ. 2008ರ ಕೃಷಿ ಸಾಲ ಮನ್ನಾದ ಪಟ್ಟಿಗಳನ್ನು ನಾವು ರಾತ್ರಿ ಹನ್ನೊಂದರ ತನಕ ಕೂತು ತಯಾರಿಸಿದ್ದು ನೆನಪಿದೆ. ಎರಡು ಹೆಕ್ಟೇರ್ ಒಳಗಿನ ರೈತನಿಗೆ ಪೂರ್ತಿ ಮನ್ನಾ, ಏನೂ ಕೊಡಬೇಕಾಗಿಲ್ಲ. ಅದಕ್ಕಿಂತ ದೊಡ್ಡವನಿಗೆ ಶೇಕಡಾ 75 ತಂದು ಕಟ್ಟಿದರೆ ಮಾತ್ರ ಉಳಿದ 25 ಬಿಡುವುದು. ಹಾಗಾದರೆ ಮಕಾರನಿಗೆ ಸಿಕ್ಕಿದ್ದು ಯಾವುದು? ಅವನು ಮೊಣಕಾಲೂರಿದ, ಒಪ್ಪಿಕೊಂಡ, ನಾನು ಸರ್ಕಾರಕ್ಕೂ ಹೇಳುತ್ತೇನೆ, ನೀನು ಬಿಡುಗಡೆಯಾಗುತ್ತೀ ಅಂದ. ತನ್ನ ಪಾಲಿನ 75ನ್ನು ತಂದು ಮೇಜಿನ ಮೇಲೆ ಇಟ್ಟ. ಆಮೇಲೆ ಬಂತು ಕ್ಷಮೆ. ಅದೂ ಹೇಗೆ? ಅಕ್ಸಿಯೊನೋವ್, ನಾನು ಕ್ಷಮಿಸಿದೆ ಅನ್ನುವುದಿಲ್ಲ. ದೇವರು ಕ್ಷಮಿಸುತ್ತಾನೆ ಅನ್ನುತ್ತಾನೆ, ನಾನು ನಿನಗಿಂತ ನೂರು ಪಾಲು ಕೆಟ್ಟವನೋ ಏನೋ ಅನ್ನುತ್ತಾನೆ. ರಷ್ಯದ ಸಂಪ್ರದಾಯದಲ್ಲಿ ದೊಡ್ಡ ಉಪವಾಸಕ್ಕೆ ಮುಂಚಿನ ಭಾನುವಾರ ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಅದಕ್ಕೆ ರೂಢಿಯ ಉತ್ತರವೇ ದೇವರು ಕ್ಷಮಿಸುತ್ತಾನೆ ಅನ್ನುವುದು. ನಮ್ಮಲ್ಲಿ ಯುಗಾದಿಯ ಬೇವು-ಬೆಲ್ಲ, ಸಂಕ್ರಾಂತಿಯ ಎಳ್ಳು-ಬೆಲ್ಲದ ಹಾಗೆ ರೂಢಿಯ ಮಾತು. ಆ ರೂಢಿಯ ಮಾತೇ ಇಲ್ಲಿ ಇಪ್ಪತ್ತಾರು ವರ್ಷದ ಭಾರ ಹೊತ್ತಿದೆ. ಅನುವಾದದಲ್ಲಿ ಇದು ಕಾಣುವುದಿಲ್ಲ.

ಮತ್ತಾಯನ ಸುವಾರ್ತೆಯಲ್ಲಿ ಇದಕ್ಕೆ ಒಂದು ಲೆಕ್ಕ ಇದೆ. ಒಬ್ಬ ಸೇವಕ ಧಣಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕು. ಧಣಿ ಮನ್ನಾ ಮಾಡುತ್ತಾನೆ. ಅದೇ ಸೇವಕ ಹೊರಗೆ ಬಂದು ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ, ಒಂದು ತಲಾಂತು ಸುಮಾರು ಆರು ಸಾವಿರ ದಿನಾರಿ. ಗುಣಿಸಿ ನೋಡಿದರೆ ಎರಡು ಸಾಲಗಳ ನಡುವೆ ಆರು ಲಕ್ಷ ಪಟ್ಟು ಅಂತರ! ಅಕ್ಸಿಯೊನೋವನ ಆ ನೂರು ಪಾಲಿನ ಮಾತು ಈ ಲೆಕ್ಕದಿಂದಲೇ ಬಂದದ್ದು ಅಂತ ನನ್ನ ಊಹೆ. ಆದರೆ ನೂರು ದಿನಾರಿಯೂ ಸಣ್ಣದಲ್ಲ ಗಮನಿಸಿ, ಮೂರು ತಿಂಗಳ ಕೂಲಿ. ನಿನ್ನ ನಷ್ಟ ಏನೂ ಅಲ್ಲ ಅಂತ ಆ ಕತೆ ಹೇಳುವುದಿಲ್ಲ.

ಮೊಣಕಾಲೂರುವವನು ಬಾರದೆ ಇದ್ದರೆ? ಟಾಲ್‌ಸ್ಟಾಯ್ ಕತೆಯ ದೊಡ್ಡ ಕೊರತೆ ಇದು ಅಂತ ನಾನು ಅಂದುಕೊಂಡಿದ್ದೇನೆ. ಮಕಾರ್ ಬರುವಂತೆ ಮಾಡಿ ಅವನು ಅಕ್ಸಿಯೊನೋವನ ಕೆಲಸವನ್ನು ಸುಲಭ ಮಾಡಿದ. ನಮ್ಮ ದೇಶದಲ್ಲೇ ಇದಕ್ಕಿಂತ ಕಷ್ಟದ್ದು ನಡೆದಿದೆ. 1999ರ ಜನವರಿ 22-23ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು, ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿ, ಅವರು ಮಲಗಿದ್ದ ವಾಹನದೊಳಗೇ ಸುಟ್ಟರು. ಪತ್ನಿ ಗ್ಲಾಡಿಸ್ ಕ್ಷಮಿಸಿದ್ದೇನೆ ಅಂದಾಗ ಯಾರೂ ಬಂದು ಅವರ ಮುಂದೆ ಅತ್ತಿರಲಿಲ್ಲ. ಅವರು ಆಸ್ಟ್ರೇಲಿಯಕ್ಕೆ ಓಡಿಹೋಗಲೂ ಇಲ್ಲ, ಬಾರಿಪದಾದಲ್ಲೇ ಐದು ವರ್ಷ ಕೆಲಸ ಮಾಡಿದರು. ಜೊತೆಗೇ ಕಾನೂನು ತನ್ನ ದಾರಿಯಲ್ಲಿ ಹೋಯಿತು: 2003ರಲ್ಲಿ ಕೆಳಗಿನ ನ್ಯಾಯಾಲಯ ಮುಖ್ಯ ಆರೋಪಿಗೆ ಮರಣದಂಡನೆ ಕೊಟ್ಟಿತು, 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ತನ್ನ ಕ್ಷಮೆಯನ್ನೂ ಕಾನೂನಿನ ಶಿಕ್ಷೆಯನ್ನೂ ಆ ಹೆಣ್ಣುಮಗಳು ಬೆರೆಸಲಿಲ್ಲ. ನಮ್ಮ ಮನೆಗೆ ಬಂದ ಹಿರಿಯರಿಗೆ ಈ ಉದಾಹರಣೆ ಯಾಕೆ ಹೊಳೆಯಲಿಲ್ಲವೋ!

ನನ್ನ ಮಕಾರ್ ಕೂಡ ಬಂದಿಲ್ಲ. ನಿವೃತ್ತರ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಆರೂವರೆಗೆ ಗುಲಾಬಿ ಹೂವಿನ ಚಿತ್ರದ ಜೊತೆ ಸುಪ್ರಭಾತ ಹೇಳುತ್ತಾನೆ. ನಾನು ಕೈಮುಗಿಯುವ ಗುರುತನ್ನು ಒತ್ತುತ್ತೇನೆ. ರೈಟ್ ಆಫ್ ಆಗಿದೆ; ಮನ್ನಾ ಆಗಿದೆಯೇ ಅಂತ ಕೇಳಿದರೆ, ಕಡತ ಇನ್ನೂ ಕಪಾಟಿನಲ್ಲಿದೆ.

ಮುಂಬಯಿಯಲ್ಲಿ 'ಮಾಫ್ ಕರೋ' ಅನ್ನುವುದು ಭಿಕ್ಷುಕನನ್ನು ಮುಂದೆ ಕಳಿಸುವ ಮಾತು. ಕನ್ನಡದ 'ಮನ್ನಿಸು' ಎಷ್ಟೋ ಮೇಲು. ಕ್ಷಮಿಸು ಅನ್ನುವುದೂ ಅದೇ, ಗೌರವಿಸು ಅನ್ನುವುದೂ ಅದೇ. ಮನ್ನಣೆ ಬಂದದ್ದು ಅಲ್ಲಿಂದಲೇ. ಕತೆಯ ಕೊನೆಯಲ್ಲಿ ಮಕಾರ್ ಅಳುತ್ತಾ, ಛಡಿಯೇಟು ತಿಂದಾಗಲೂ ಇಷ್ಟು ಕಷ್ಟವಾಗಿರಲಿಲ್ಲ ಅನ್ನುತ್ತಾನಲ್ಲ, ಯಾಕೆಂದರೆ ಕುದುರೆ ಕಳ್ಳನನ್ನು ಮೊದಲ ಸಲ ಯಾರೋ ಮನ್ನಿಸಿದರು, ಎರಡೂ ಅರ್ಥದಲ್ಲಿ.

ಇನ್ನು ನನ್ನನ್ನು ಬಿಡದೆ ಕಾಡುವ ಒಂದು ಜಾಗ ಉಳಿದಿದೆ. ಇದನ್ನು ನಮ್ಮ ಓದುಗರ ಬಳಗದ ಹುಬ್ಬಳ್ಳಿ ಕಡೆಯ ಹಿರಿಯ ಹೆಣ್ಣುಮಗಳೊಬ್ಬರು ಮೊದಲು ಎತ್ತಿದರು. ಎಲ್ಲರೂ ಅವನ ಕ್ಷಮೆ ದೊಡ್ಡದು ಅಂತ ಹೊಗಳುತ್ತಿದ್ದಾಗ, 'ಅಲ್ರಿ, ಆ ಹೆಂಡ್ತೀದು ಏನಾತು?' ಅಂದರು. ಯಾರಲ್ಲೂ ಉತ್ತರ ಇರಲಿಲ್ಲ. ಮನೆಗೆ ಬಂದು ಕತೆಯನ್ನು ಆಡಿಟ್ ಮಾಡುವ ಹಾಗೆ ಸಾಲು ಸಾಲು ನೋಡಿದೆ. ಊರಿನಿಂದ ಕಾಗದ ಬರಲಿಲ್ಲ, ಹೆಂಡತಿ ಮಕ್ಕಳು ಇದ್ದಾರೋ ಇಲ್ಲವೋ ಅವನಿಗೆ ತಿಳಿಯದು ಅಂತ ಒಂದು ಕಡೆ ಇದೆ. ಮಕಾರ್ ಬಂದಾಗ ಇವನು ಕೇಳುತ್ತಾನೆ. ಆ ಮನೆಯವರು ಶ್ರೀಮಂತರು, ಅಪ್ಪ ಮಾತ್ರ ಸೈಬೀರಿಯಾದಲ್ಲಿದ್ದಾನೆ ಅಂತ ಮಕಾರ್ ಹೇಳುತ್ತಾನೆ. ಹೆಂಡತಿಯ ಸುದ್ದಿ ಹೇಳುವುದಿಲ್ಲ. ಆದರೆ ಕೊನೆಗೆ ಮಕಾರ್ ನೀನು ಊರಿಗೆ ಹೋಗಬಹುದು ಅಂದಾಗ ಅಕ್ಸಿಯೊನೋವ್, ಎಲ್ಲಿಗೆ ಹೋಗಲಿ, ಹೆಂಡತಿ ಸತ್ತಳು, ಮಕ್ಕಳು ಮರೆತರು ಅನ್ನುತ್ತಾನೆ. ಸತ್ತಳು ಅಂತ ಅವನಿಗೆ ಹೇಳಿದವರು ಯಾರು? ಈ ಎಂಟ್ರಿಗೆ ವೋಚರ್ ಇಲ್ಲ.

ಟಾಲ್‌ಸ್ಟಾಯ್ ಮರೆತು ಬರೆದಿರಬಹುದು, ಮಕ್ಕಳ ಪುಸ್ತಕವಲ್ಲವೇ. ಆದರೆ ನನಗೆ ಬೇರೆಯೇ ಕಾಣುತ್ತದೆ. ಅವಳು ಅವನ ಪಾಲಿಗೆ ಸತ್ತದ್ದು ಜೈಲಿನ ಆ ಭೇಟಿಯಲ್ಲೇ. ಕೊಲೆಗಾರನ ಮುಂದೆ ಕರಗಿದ ಎದೆ, ಗಾಬರಿಯಲ್ಲಿ ಒಂದು ಪ್ರಶ್ನೆ ಕೇಳಿದ ಹೆಣ್ಣುಮಗಳ ಕಡೆಗೆ ಮಾತ್ರ ತಿರುಗಲೇ ಇಲ್ಲ. ಊರಿನ ಹಂಬಲ ಬಿಟ್ಟಿತು, ಮನಸ್ಸು ಹಗುರಾಯಿತು ಅನ್ನುವ ಆ ಸಾಲನ್ನು ಪ್ರಸಂಗದಲ್ಲಿ ಬಿಡುಗಡೆ ಅಂತ ಓದುತ್ತಾರೆ. ಊರಿಗೆ ಹೋದರೆ ಎದುರಾಗುವವರು ಯಾರು ಅನ್ನುವುದನ್ನು ಇಟ್ಟುಕೊಂಡು ಓದಿ ನೋಡಿ. ನಾವೂ ಊರಿಗೆ ಹೋಗದೆ ಇರುವುದಕ್ಕೆ ನೀರಿಲ್ಲ, ಆಸ್ಪತ್ರೆ ದೂರ, ಮಕ್ಕಳು ಇಲ್ಲೇ ಇದ್ದಾರೆ ಅಂತ ಕಾರಣ ಕೊಡುತ್ತೇವೆ. ಆಸ್ತಿ ಪಾಲಾದಾಗ ಒಂದು ಮಾತು ಅಂದ ತಮ್ಮ, ಮದುವೆಗೆ ಕರೆಯದ ಅಕ್ಕ, ಇವರ ಹೆಸರು ಆ ಪಟ್ಟಿಯಲ್ಲಿ ಬರುವುದಿಲ್ಲ.

1901ರಲ್ಲಿ ರಷ್ಯದ ಚರ್ಚು ಟಾಲ್‌ಸ್ಟಾಯನನ್ನು ಹೊರಗೆ ಹಾಕಿತು. 1910ರಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ಅವನು ರಾತ್ರೋರಾತ್ರಿ ಹೆಂಡತಿಗೆ ಹೇಳದೆ ಮನೆ ಬಿಟ್ಟು ಹೋದ. ದಾರಿಯಲ್ಲಿ ಜ್ವರ ಬಂದು ಅಸ್ತಾಪೊವೊ ಅನ್ನುವ ಸಣ್ಣ ರೈಲು ನಿಲ್ದಾಣದಲ್ಲಿ, ಸ್ಟೇಷನ್ ಮಾಸ್ಟರನ ಮನೆಯಲ್ಲಿ ಮಲಗಿದ. ನಲವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ಸೋಫಿಯಾ ವಿಶೇಷ ರೈಲು ಮಾಡಿಕೊಂಡು ಬಂದಳು. ಅವನಿಗೆ ಎಚ್ಚರ ಇರುವ ತನಕ ಅವಳನ್ನು ಒಳಗೆ ಬಿಡಲಿಲ್ಲ. ಅವಳು ಹೊರಗೆ ನಿಂತು ಕಿಟಕಿಯ ಗಾಜಿನಿಂದ ಇಣುಕಿ ನೋಡುತ್ತಿದ್ದಳು.